ಊರ ಅಜ್ಜಂದಿರನ್ನೆಲ್ಲ ಅಡುಗೆಭಟ್ಟರನ್ನಾಗಿ ಮಾಡಿದ ಓಟ್ಮಾರ್ ಮಾಸ್ಟರ್

ನಮ್ಮ ಹೋಲ್ಟೆಬೆಕ್‌ನಿಂದ ಎರಡನೆಯ ಮಹಾಯುದ್ಧಕ್ಕೆ ಹೋದ ಗಂಡಸರು ನಾನೂರ ಹನ್ನೆರಡು ಮಂದಿ. ಅವರಲ್ಲಿ ಬಂದೂಕು ಹಾರಿಸಿದವನು ಒಬ್ಬನೂ ಇಲ್ಲ. ನಂಬಿಕೆ ಬಾರದಿದ್ದರೆ ಯಾರ ಮನೆಗಾದರೂ ಹೋಗಿ ಕೇಳಿ. ಈ ಮನೆಯ ಅಜ್ಜ ಸೈನ್ಯದಲ್ಲಿ ಅಡುಗೆ ಮಾಡುತ್ತಿದ್ದ, ಆ ಮನೆಯ ಅಜ್ಜ ಕುದುರೆಗೆ ಲಾಳ ಹೊಡೆಯುತ್ತಿದ್ದ, ಮೂಲೆಮನೆಯ ದೊಡ್ಡಪ್ಪ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ. ಇಷ್ಟೊಂದು ಅಡುಗೆಭಟ್ಟರು ಸೇರಿ ಅರ್ಧ ಯುರೋಪನ್ನು ಹೇಗೆ ಸುಟ್ಟರು ಎಂದು ಮಾತ್ರ ಕೇಳಬೇಡಿ. ಒಲೆ ಸ್ವಲ್ಪ ಜಾಸ್ತಿ ಉರಿಯಿತೋ ಏನೋ.

ಈ ಭಟ್ಟರಿಗೆಲ್ಲ ಮುದ್ರೆ ಒತ್ತಿ ಕೊಟ್ಟವರು ಚರ್ಚಿನ ಎದುರಿನ ಟೈಲರ್ ಓಟ್ಮಾರ್ ಬ್ರೂನ್ಸ್. ಅಂಗಡಿ ಮುಚ್ಚಿ ಹತ್ತು ವರ್ಷ ಕಳೆದಿದ್ದರೂ ಊರಿನವರ ಬಾಯಲ್ಲಿ ಅವರು ಮಾಸ್ಟರ್ ಆಗಿಯೇ ಉಳಿದಿದ್ದರು. ವಯಸ್ಸು ಎಪ್ಪತ್ತಾರು, ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಹಳೆಯ ಫೋಟೋದಲ್ಲಿ ನಿಂತ ಸೈನಿಕನ ಕಾಲರು, ಭುಜಪಟ್ಟಿ, ತೋಳಿನ ಬಿಲ್ಲೆ ನೋಡಿದರೆ ಸಾಕು, ಅವನು ಯಾವ ಪಡೆಯವನು, ಯಾವ ದರ್ಜೆಯವನು, ಎಷ್ಟನೇ ಇಸವಿಯ ಫೋಟೋ ಎಂದು ಹೇಳಿಬಿಡುತ್ತಿದ್ದರು. ಜಿಲ್ಲೆಯ ಪತ್ರಿಕೆಯೊಂದು ಅವರನ್ನು ‘ತಜ್ಞ’ ಎಂದು ಕರೆದಿತ್ತು. ಆ ತುಣುಕಿಗೆ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ್ದರು.

ಭಾನುವಾರ ಮಧ್ಯಾಹ್ನ ಮೂರಕ್ಕೆ ದರ್ಬಾರು ಶುರು. ಬರುವವರು ಒಂದು ಕೈಯಲ್ಲಿ ಫೋಟೋ, ಇನ್ನೊಂದು ಕೈಯಲ್ಲಿ ಕೇಕು ಹಿಡಿದು ಬರುತ್ತಿದ್ದರು. ಮಾಸ್ಟರ್ ಕಾಫಿ ಬಗ್ಗಿಸಿ, ಮೊದಲು ಕೇಕನ್ನೂ ಆಮೇಲೆ ಫೋಟೋವನ್ನೂ ಪರೀಕ್ಷಿಸುತ್ತಿದ್ದರು. ಒಣ ಕೇಕು ತಂದವನ ಅಜ್ಜ ಬ್ಯಾರಕ್ಕಿನ ಕಸ ಗುಡಿಸುವವನು. ಪ್ಲಮ್ ಹಣ್ಣಿನ ಕೇಕಿಗೆ ಗಾಡಿ ಡ್ರೈವರ್. ಬೆಣ್ಣೆ, ಕೆನೆ, ಚೆರ್ರಿ ಮೂರೂ ಇದ್ದರೆ ಗ್ಯಾರಂಟಿ ಅಡುಗೆಭಟ್ಟ.

ಬೇಕರಿಯ ವಾಲ್ಟ್ರೌಟ್ ಬಂದ ದಿನ ನೋಡಬೇಕಿತ್ತು. ಮೂರು ಅಂತಸ್ತಿನ ಕೇಕು. ಫೋಟೋದಲ್ಲಿ ಅವಳಪ್ಪ ಎದೆಯುಬ್ಬಿಸಿ ನಿಂತಿದ್ದ. ಬಲತೋಳಿನ ಮೇಲೆ ಎರಡು ಪಟ್ಟಿ. ಕೈಯಾರೆ ಸಿಡಿಗುಂಡು ಎಸೆದು ಟ್ಯಾಂಕು ಕೆಡವಿದವನಿಗೆ, ಟ್ಯಾಂಕಿಗೊಂದರಂತೆ ಕೊಡುತ್ತಿದ್ದ ಪಟ್ಟಿ ಅದು.

“ಅಡುಗೆ ವಿಭಾಗ ಕಣಮ್ಮ,” ಎಂದರು ಮಾಸ್ಟರ್, ಬಾಯಿತುಂಬ ಕೆನೆ ಇಟ್ಟುಕೊಂಡು.

“ಹೌದಾ ಮಾಸ್ಟ್ರೇ? ಈ ಪಟ್ಟಿ ಮೇಲೆ ಏನೋ ಟ್ಯಾಂಕಿನ ಚಿತ್ರ ಇರೋ ಹಂಗಿದೆಯಲ್ಲ?”

“ಟ್ಯಾಂಕಲ್ಲ, ಅಡುಗೆ ಬಂಡಿ. ಅದರ ಹೊಗೆ ಕೊಳವೆ ಉದ್ದಕ್ಕೆ ಇರ್ತಿತ್ತು, ದೂರದಿಂದ ತೋಪಿನ ಥರ ಕಾಣೋದು.”

“ಎರಡು ಪಟ್ಟಿ ಯಾಕೆ?”

“ಸಾರೂ ಚೆನ್ನಾಗಿ ಮಾಡ್ತಿದ್ದ, ಪಲ್ಯಾನೂ ಚೆನ್ನಾಗಿ ಮಾಡ್ತಿದ್ದ.”

ವಾಲ್ಟ್ರೌಟ್ ಕಣ್ಣೊರೆಸಿಕೊಂಡು, “ನಮ್ಮಪ್ಪನ ಕೈರುಚಿ ನನಗೆ ಬಂದಿದೆ ಅಂತ ನಮ್ಮಮ್ಮ ಹೇಳೋಳು” ಎಂದು ಹೇಳಿ ಹೋದಳು. ಅವಳಪ್ಪ ಬದುಕಿದ್ದಷ್ಟು ದಿನ ಮೊಟ್ಟೆ ಬೇಯಿಸಲೂ ಬಾರದೆ ಹೆಂಡತಿಯ ಹತ್ತಿರ ಬೈಸಿಕೊಂಡದ್ದು ಅವಳಿಗೂ ಗೊತ್ತಿತ್ತು, ಮಾಸ್ಟರಿಗೂ ಗೊತ್ತಿತ್ತು. ಸುಳ್ಳೆಂದು ಇಬ್ಬರಿಗೂ ಗೊತ್ತಿರುವ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಎಂಬುದು ಮಾಸ್ಟರ ಲೆಕ್ಕಾಚಾರವಾಗಿತ್ತು.

ಇಷ್ಟಕ್ಕೂ ಈ ವಿದ್ಯೆ ಅವರಿಗೆ ಬಂದದ್ದು ಎಲ್ಲಿಂದ? ಊರಿನವರು ಪುಸ್ತಕದಿಂದ ಎಂದುಕೊಂಡಿದ್ದರು. ಕಪಾಟಿನ ತುಂಬ ದಪ್ಪ ದಪ್ಪ ಪುಸ್ತಕ ಇದ್ದದ್ದೂ ನಿಜ. ಆದರೆ ಮಾಸ್ಟರ್ ಅದನ್ನು ಓದಿ ಕಲಿತದ್ದಲ್ಲ, ಹೊಲಿದು ಕಲಿತದ್ದು. ಕಾಲು ಗಿಡ್ಡ ಎಂದು ಸೈನ್ಯಕ್ಕೆ ಬೇಡವಾಗಿದ್ದರಿಂದ ಯುದ್ಧದ ಆರೂ ವರ್ಷ ಅಂಗಡಿಯಲ್ಲೇ ಕೂತಿದ್ದರು. ಊರಿನ ಒಂದೊಂದು ಸಮವಸ್ತ್ರವೂ ಅವರ ಮೇಜಿನ ಮೇಲೆ ಮಲಗಿ ಎದ್ದು ಹೋಗಿತ್ತು. ಸೈನ್ಯದವನಿಗೆ ಬಲ ಎದೆಯ ಮೇಲೆ ಹದ್ದು, ಪೊಲೀಸಿನವನಿಗೆ ಎಡತೋಳಿನ ಮೇಲೆ ಎಲೆಯ ಹಾರದೊಳಗಿನ ಹದ್ದು. ಬಡ್ತಿ ಸಿಕ್ಕಿದವನು ಬೆಳಗ್ಗೆ ಬಂದರೆ ಸಂಜೆಯೊಳಗೆ ಹೊಸ ಪಟ್ಟಿ ಕೂರಿಸಿ ಕೊಡುತ್ತಿದ್ದರು.

ನಲವತ್ತೈದರಲ್ಲಿ ಯುದ್ಧ ಸೋತ ಮೇಲೆ ಬ್ರಿಟಿಷರು ಬಂದು, ಸಮವಸ್ತ್ರ ತೊಡಬೇಕೆಂದರೆ ಬಿಲ್ಲೆ ಬಿಚ್ಚಿ, ಬಣ್ಣ ಹಾಕಿಸಿಕೊಂಡು ತೊಡಿ ಎಂದು ಅಪ್ಪಣೆ ಹೊರಡಿಸಿದರು. ಬೇರೆ ಬಟ್ಟೆ ಯಾರ ಹತ್ತಿರ ಇತ್ತು? ಅದೇ ಗಿರಾಕಿಗಳು ಅದೇ ಕೋಟು ಹಿಡಿದು ಅದೇ ಮೇಜಿನ ಮುಂದೆ ಸಾಲು ನಿಂತರು. ಬ್ಲೇಡು ಹಿಡಿದು ಹದ್ದುಗಳನ್ನೆಲ್ಲ ಬಿಚ್ಚಿದ್ದು ಇದೇ ಮಾಸ್ಟರು. ಬಿಸಿಲಿಗೆ ಮಾಸಿದ ಬಟ್ಟೆಯ ಮೇಲೆ ಹದ್ದು ಇದ್ದ ಜಾಗ ಮಾತ್ರ ಹೊಸದಾಗಿ, ರೆಕ್ಕೆ ಕೊಕ್ಕಿನ ಸಮೇತ ಎದ್ದು ಕಾಣುತ್ತಿತ್ತು. ಹಿತ್ತಲಿನ ಹಂಡೆಯಲ್ಲಿ ಕಪ್ಪು ಬಣ್ಣ ಕುದಿಸಿ ಅದನ್ನೂ ಮುಳುಗಿಸಿದರು. ಆ ಚಳಿಗಾಲದಲ್ಲಿ ಇಡೀ ಊರೇ ಕಪ್ಪು ಕೋಟು ತೊಟ್ಟು ಚರ್ಚಿಗೆ ಹೋಯಿತು. ಪಾದ್ರಿಗಳು ಅದನ್ನು ಪಶ್ಚಾತ್ತಾಪ ಎಂದು ತಿಳಿದು ಬಹಳ ಮೆಚ್ಚಿಕೊಂಡರು.

ಕೋಟಿನ ಕಥೆ ಮುಗಿಯಿತು, ಫೋಟೋಗಳಿಗೆ ಏನು ಮಾಡುವುದು? ಆ ಕೆಲಸ ಮನೆಯ ಹೆಂಗಸರು ಮಾಡಿದರು. ಗುಂಡುಸೂಜಿ ತೆಗೆದುಕೊಂಡು ಎದೆಯದನ್ನು, ತೋಳಿನದನ್ನು, ಕಾಲರಿನದನ್ನು ಕೆರೆದು ಹಾಕಿದರು. ಹಾಗಾಗಿ ಮಾಸ್ಟರ್ ಫೋಟೋ ನೋಡುವಾಗ ಮೊದಲು ಹುಡುಕುತ್ತಿದ್ದದ್ದು ಕೆರೆದ ಜಾಗವನ್ನೇ. ಎದೆ ಬಿಟ್ಟು ತೋಳನ್ನು ಕೆರೆದಿದ್ದರೆ ಅವರಿಗೆ ಅಷ್ಟೇ ಸಾಕಾಗುತ್ತಿತ್ತು. ಬಾಯಲ್ಲಿ ಮಾತ್ರ, “ಅಯ್ಯೋ, ಫೋಟೋಕ್ಕೆ ಬೂಷ್ಟು ಹಿಡಿದಿದೆ” ಎನ್ನುತ್ತಿದ್ದರು.

ಹೀಗೆ ಕೇಕು ತಿನ್ನುತ್ತ ನೆಮ್ಮದಿಯಾಗಿದ್ದವರ ಮನೆಗೆ, ಬರ್ಲಿನ್ ಗೋಡೆ ಬಿದ್ದ ಮೇಲಿನ ಎಂಟನೆಯ ವಸಂತದಲ್ಲಿ, ಫ್ರೌಕೆ ಡೆಟ್ಮರ್ ಬಂದಳು. ಮಂಗಳವಾರ ಬಂದಳು. ಬರಿಗೈಯಲ್ಲಿ ಬಂದಳು. ಮೂವತ್ತೆಂಟರ ಈ ಹೆಂಗಸು ಪಕ್ಕದ ಪಟ್ಟಣದಲ್ಲಿ ಗಣಿತದ ಟೀಚರು. ಅವಳಜ್ಜ ಆಲ್ವಿನ್ ಡೆಟ್ಮರ್ ಯುದ್ಧದ ನಂತರ ಇಪ್ಪತ್ತನಾಲ್ಕು ವರ್ಷ ನಮ್ಮೂರಿನ ಮೇಯರ್ ಆಗಿದ್ದವನು, ಶಾಲೆ ಕಟ್ಟಿಸಿದವನು, ಈಜುಕೊಳ ತೋಡಿಸಿದವನು. ಈಗ ಊರಿನವರು ಕಟ್ಟಿಸಿದ ಹೊಸ ಸಭಾಂಗಣಕ್ಕೆ ಅವನ ಹೆಸರಿಡುವುದೆಂದು ಸಮಿತಿ ತೀರ್ಮಾನಿಸಿತ್ತು. ಭಾಷಣಕ್ಕೆ ಮೊಮ್ಮಗಳನ್ನೇ ಕರೆದಿತ್ತು.

ಅವಳು ಕೂರುವ ಮೊದಲೇ ಫೋಟೋ ಮೇಜಿನ ಮೇಲಿಟ್ಟಳು.

“ಬ್ರೂನ್ಸ್ ಮಾಸ್ಟ್ರೇ, ಊರಿಗೆಲ್ಲ ಏನು ಹೇಳ್ತೀರಿ ಅಂತ ನನಗೆ ಗೊತ್ತು. ಅದು ನನಗೆ ಬೇಡ. ನಿಜ ಹೇಳಿ. ಅಜ್ಜ ಏನಾಗಿದ್ದ?”

“ಕಾಫಿ ಕುಡೀತೀಯೇನಮ್ಮ?”

“ಬೇಡ. ನನ್ನ ಎತ್ತಿ ಆಡಿಸಿದ ಅಜ್ಜ ಅವನು. ಸೈಕಲ್ ಕಲಿಸಿದ್ದು ಅವನೇ. ಯುದ್ಧದ ವಿಷಯ ಎತ್ತಿದ್ರೆ ಎದ್ದು ತೋಟಕ್ಕೆ ಹೋಗಿಬಿಡ್ತಿದ್ದ. ಇದರಲ್ಲಿ ಕೆಟ್ಟದ್ದು ಇದ್ರೆ ನಾನು ಆ ವೇದಿಕೆ ಹತ್ತಲ್ಲ, ಅವನ ಹೆಸರು ಇಡೋಕೂ ಬಿಡಲ್ಲ. ಇಲ್ಲ ಅಂದ್ರೆ ನಾಲ್ಕು ಜನದ ಮುಂದೆ ತಲೆಯೆತ್ತಿ ಮಾತಾಡ್ತೀನಿ. ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ.”

ಮಾಸ್ಟರ್ ಭೂತಗನ್ನಡಿ ಹಿಡಿದರು. ಎಡತೋಳು ಕೆರೆದಿತ್ತು. ಕಾಲರೂ ಕೆರೆದಿತ್ತು. ಬಲ ಎದೆ ಮಾತ್ರ ಹಾಗೇ ಬಿಟ್ಟಿತ್ತು, ಅಲ್ಲಿ ಮೊದಲಿನಿಂದಲೂ ಏನೂ ಇರಲಿಲ್ಲ. ಆದರೆ ಸೂಜಿ ಹಿಡಿದ ಅಜ್ಜಿಗೆ ತೋಳಿನ ತುದಿಯ ನೆನಪಾಗಿರಲಿಲ್ಲ. ಅಲ್ಲಿ ಗಾಢ ಬಣ್ಣದ ಅಗಲವಾದ ಕಫ್, ಅದರ ಮೇಲೆ ಎರಡೆರಡು ಗುಂಡಿ. ಸೈನ್ಯದ ದಿನಬಳಕೆಯ ಕೋಟಿಗೆ ಆ ಗುಂಡಿಗಳಿಲ್ಲ. ಅದು ಪೊಲೀಸ್ ಕೋಟು. ಎಡಗೈಯ ಕಫ್ ಬಲಗೈಯದಕ್ಕಿಂತ ಹೊಸದು ಎಂಬುದೂ ಕಂಡಿತು. ಮಾಸ್ಟರಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ, ಆ ಕಫ್ ಕೂರಿಸಿದ ಕೈ ಅವರದೇ.

ನಿಜ ಹೇಳಲು ಬಾಯಿ ತೆರೆದರು. ಮೂವತ್ತು ವರ್ಷದ ಅಭ್ಯಾಸ ನೋಡಿ, ಹೊರಬಂದದ್ದು ಬೇರೆ.

“ಸರಬರಾಜು ವಿಭಾಗ ಕಣಮ್ಮ. ಕುದುರೆ ಗಾಡಿ ಹೊಡೀತಿದ್ದ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಫ್ರೌಕೆ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎದ್ದು ಬಂದು ಮುದುಕನನ್ನು ಗಟ್ಟಿಯಾಗಿ ತಬ್ಬಿಕೊಂಡಳು. “ಎಷ್ಟು ವರ್ಷದಿಂದ ಹೆದರಿಕೊಂಡಿದ್ದೆ ಗೊತ್ತಾ ಮಾಸ್ಟ್ರೇ” ಎಂದಳು. ಅವಳು ಹೋದ ಮೇಲೆ ಮಾಸ್ಟರ್ ಭೂತಗನ್ನಡಿಯನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದರು. ಇಷ್ಟು ವರ್ಷ ಬಂದವರೆಲ್ಲ ಸುಳ್ಳು ಎಂದು ತಿಳಿದೇ ಕೇಳಿಸಿಕೊಂಡು ಹೋಗಿದ್ದರು. ಮಾಸ್ಟರ ಮಾತನ್ನು ನಂಬಿದವಳು ಇವಳೊಬ್ಬಳೇ.

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಕುಂಟುತ್ತ ‘ಲಿಂಡೆ’ ಹೋಟೆಲಿಗೆ ಹೋದರು. ಅಲ್ಲಿ ಮೂಲೆಯ ಮೇಜು ಔಷಧದಂಗಡಿಯ ಹಿನ್ರಿಖ್ ಪೋಲ್‌ಮನ್‌ನದು. ಹೆಸರಿಡುವ ಸಮಿತಿಯ ಅಧ್ಯಕ್ಷನೂ ಅವನೇ. ದಿನಾ ಸಂಜೆ ಆರಕ್ಕೆ ಬಿಯರಿನ ಮುಂದೆ ಕೂರುತ್ತಾನೆ, ಎಂಟಕ್ಕೆ ಜಗತ್ತಿನ ಸಮಸ್ಯೆಗಳನ್ನೆಲ್ಲ ಬಗೆಹರಿಸಿ ಏಳುತ್ತಾನೆ.

“ಹಿನ್ರಿಖ್, ಆ ಡೆಟ್ಮರ್ ಫೋಟೋ ವಿಷಯದಲ್ಲಿ ನಾನು ತಪ್ಪು ಹೇಳಿದೆ. ಆಲ್ವಿನ್ ಕುದುರೆ ಹೊಡೀಲಿಲ್ಲ. ಪೊಲೀಸ್ ಪಡೆಯಲ್ಲಿದ್ದ.”

ಪೋಲ್‌ಮನ್ ಲೋಟ ಕೆಳಗಿಟ್ಟು ಆಚೀಚೆ ನೋಡಿದ. “ಮಾಸ್ಟ್ರೇ, ನಿಮಗೆ ತಲೆ ಕೆಟ್ಟಿದೆಯಾ? ಬೋರ್ಡು ಬರೆಸಿ ಆಗಿದೆ. ಬ್ಯಾಂಡಿನವರಿಗೆ ಹೇಳಿ ಆಗಿದೆ. ಮುನ್ನೂರು ಸಾಸೇಜಿಗೆ ಆರ್ಡರ್ ಕೊಟ್ಟಾಗಿದೆ.”

“ಸಾಸೇಜ್ ತಿನ್ನಿ, ಯಾರು ಬೇಡ ಅಂದ್ರು? ಹೆಸರು ಇಡಬೇಡಿ.”

“ಅಲ್ಲ ಸ್ವಾಮಿ, ನೀವು ಒಬ್ಬರ ವಿಷಯದಲ್ಲಿ ಸುಳ್ಳು ಹೇಳಿದ್ದೆ ಅಂತ ಒಪ್ಕೊಂಡ್ರೆ ಉಳಿದೋರ ಗತಿ ಏನು? ನಮ್ಮಪ್ಪನ್ನ ದನದ ಡಾಕ್ಟರ್ ಮಾಡಿದ್ದು ನೀವೇ ತಾನೆ? ನಾಳೆ ಊರಿನೋರೆಲ್ಲ ಅವರವರ ಫೋಟೋ ತೆಗೆದು ನೋಡೋಕೆ ಶುರು ಮಾಡಿದ್ರೆ?”

“ನೋಡಲಿ ಬಿಡು.”

“ನೋಡಲಿ ಅಂತೆ!” ಪೋಲ್‌ಮನ್ ಮುಖ ಹತ್ತಿರ ತಂದ. “ಯುದ್ಧದಲ್ಲಿ ಯಾರ್ಯಾರು ಏನೇನು ಮಾಡಿದ್ರು ಅಂತ ನಲವತ್ತೇಳರಲ್ಲಿ ನಡೆದ ವಿಚಾರಣೇಲಿ, ಆಲ್ವಿನ್ ಡೆಟ್ಮರ್ ಯುದ್ಧಪೂರ್ತಿ ಕುದುರೆ ಗಾಡಿ ಹೊಡೀತಿದ್ದ, ನಾನು ಕಣ್ಣಾರೆ ಬಲ್ಲೆ ಅಂತ ಬರೆದು ಸಹಿ ಹಾಕಿದ್ದು ಯಾರು? ಆ ಕಾಗದ ಇನ್ನೂ ಇದೆ. ಆಮೇಲೆ ಇಪ್ಪತ್ತನಾಲ್ಕು ವರ್ಷ ಅಗ್ನಿಶಾಮಕದೋರ ಬಟ್ಟೆ, ಬ್ಯಾಂಡಿನೋರ ಬಟ್ಟೆ, ಪುರಸಭೆ ಜವಾನರ ಬಟ್ಟೆ, ಎಲ್ಲಾ ಯಾರ ಅಂಗಡೀಲಿ ಹೊಲೀತು? ನಿಮಗೆ ಈಗ ಧರ್ಮ ನೆನಪಾಯ್ತಾ? ಮನೆಗೆ ಹೋಗಿ ಮಲಕ್ಕೊಳ್ಳಿ.”

ಅದು ಸತ್ಯ. ಮಾಸ್ಟರ್ ಎದ್ದು ಮನೆಗೆ ಬಂದರು, ಆದರೆ ಮಲಗಲಾಗಲಿಲ್ಲ.

ಜೂನ್ ತಿಂಗಳ ಭಾನುವಾರ ಬೆಳಗ್ಗೆ ಸಮಾರಂಭ. ಬ್ಯಾಂಡು ಊದಿತು, ಸಾಸೇಜಿನ ಹೊಗೆ ಏಳುತ್ತಿತ್ತು, ಬಾಗಿಲ ಮೇಲಿನ ಬೋರ್ಡಿಗೆ ಬಿಳಿ ಬಟ್ಟೆ ಹೊದಿಸಿತ್ತು. ಸಮಿತಿಯವರಿಗೆ ಉತ್ಸಾಹ ಹೆಚ್ಚಾಗಿ, ಆ ಫೋಟೋವನ್ನು ಎರಡಾಳು ಎತ್ತರಕ್ಕೆ ದೊಡ್ಡದು ಮಾಡಿಸಿ ವೇದಿಕೆಯ ಹಿಂದೆ ನಿಲ್ಲಿಸಿದ್ದರು. ಕಫಿನ ಗುಂಡಿಗಳು ಊಟದ ತಟ್ಟೆಯಷ್ಟು ಅಗಲವಾಗಿ ಹೊಳೆಯುತ್ತಿದ್ದವು. ಕೆಳಗೆ ದಪ್ಪಕ್ಷರದಲ್ಲಿ, ‘ಸರಬರಾಜು ವಿಭಾಗದಲ್ಲಿ ಆಲ್ವಿನ್ ಡೆಟ್ಮರ್. ಗುರುತಿಸಿದವರು: ತಜ್ಞ ಓಟ್ಮಾರ್ ಬ್ರೂನ್ಸ್.’ ಮಾಸ್ಟರನ್ನು ಮೊದಲ ಸಾಲಿನಲ್ಲೇ ಕೂರಿಸಿದ್ದರು, ಎರಡು ಪಕ್ಕದಲ್ಲೂ ಸಮಿತಿಯವರು.

ಫ್ರೌಕೆ ನೀಲಿ ಉಡುಪಿನಲ್ಲಿ ವೇದಿಕೆ ಹತ್ತಿದಳು. ಮುಖ ಅರಳಿತ್ತು. “ನನ್ನಜ್ಜ ಯುದ್ಧವನ್ನು ತಾನಾಗಿ ಬಯಸಿದವನಲ್ಲ,” ಎಂದು ಶುರು ಮಾಡಿದಳು. “ಬೇರೆಯವರು ಕೊಲ್ಲುತ್ತಿದ್ದಾಗ ಅವನು ಕುದುರೆಗಳಿಗೆ ನೀರು ಕುಡಿಸುತ್ತಿದ್ದ...”

ಮಾಸ್ಟರಿಗೆ ಅಷ್ಟೇ ಸಾಕಾಯಿತು. ಕೋಲು ಊರಿ ಎದ್ದು ನಿಂತರು. ಪೋಲ್‌ಮನ್ ಕೋಟು ಹಿಡಿದು ಜಗ್ಗಿದ. ಕೋಟು ಸ್ವಂತ ಹೊಲಿಗೆಯದು, ಹರಿಯಲಿಲ್ಲ.

“ಇಲ್ಲ ಫ್ರೌಕೆ. ನಾನು ನಿನಗೆ ಸುಳ್ಳು ಹೇಳಿದೆ.”

ಬ್ಯಾಂಡಿನವನೊಬ್ಬ ಕೆಮ್ಮಿದ. ಹಿಂದಿನಿಂದ ಯಾರೋ, “ಪಾಪ, ಮುದುಕನಿಗೆ ಬಿಸಿಲು ಹತ್ತಿದೆ, ನೀರು ಕೊಡ್ರಪ್ಪ” ಎಂದರು. ವಾಲ್ಟ್ರೌಟ್, “ಕೂತ್ಕೊಳ್ಳಿ ಮಾಸ್ಟ್ರೇ, ಮರ್ಯಾದೆ ಕಳೀಬೇಡಿ” ಎಂದಳು. ಯಾರ ಮರ್ಯಾದೆ ಎಂದು ಮಾತ್ರ ಹೇಳಲಿಲ್ಲ.

“ಅವರು ಮಾತಾಡ್ಲಿ,” ಎಂದಳು ಫ್ರೌಕೆ. ಅವಳ ಮುಖ ಬಿಳಿಚಿಕೊಂಡಿತ್ತು.

“ಆ ಕಫ್ ನೋಡು. ಎರಡು ಗುಂಡಿ. ಅದು ಪೊಲೀಸ್ ಕೋಟು. ಪೊಲೀಸ್ ಪಡೆ ಪೂರ್ವಕ್ಕೆ ಹೋಗಿದ್ದು ರಸ್ತೆ ಮೇಲೆ ಗಾಡಿ ನಿಲ್ಲಿಸೋಕಲ್ಲ. ತೋಳಿನ ಮೇಲಿನ ಹದ್ದು ಹೊಲಿದದ್ದು ನಾನು. ನಲವತ್ತೈದರಲ್ಲಿ ಬಿಚ್ಚಿದ್ದೂ ನಾನು.”

“ಎಡಗೈದು ಹೊಸದಾಗಿದೆ,” ಎಂದಳು ಅವಳು, ಹಿಂತಿರುಗಿ ನೋಡುತ್ತ. ಲೆಕ್ಕದ ಟೀಚರ ಕಣ್ಣು ಅದು. “ಯಾಕೆ?”

“ನಲವತ್ತೆರಡರ ನವೆಂಬರಿನಲ್ಲಿ ರಜೆಗೆ ಬಂದಿದ್ದ. ಕಲೆ ಹೋಗ್ತಿಲ್ಲ, ಕಫ್ ಬದಲಾಯಿಸು ಅಂದ. ಏನು ಕಲೆ ಅಂದೆ. ಹೇಳಿದ. ಒಂದು ಊರಿನ ಯಹೂದಿಗಳನ್ನೆಲ್ಲ ಮರಳು ಗುಂಡಿ ಹತ್ತಿರ ನಿಲ್ಲಿಸಿದ್ರಂತೆ. ಹೆಂಗಸರು, ಮುದುಕರು, ಕಂಕುಳಲ್ಲಿ ಕೂಸು ಹಿಡಿದೋರು. ಎರಡು ದಿನ ಆಯ್ತಂತೆ. ತೀರ ಹತ್ತಿರದಿಂದ ಹೊಡೀಬೇಕಿತ್ತು ಅಂದ. ಸಂಜೆಯೊಳಗೆ ಕೊಡ್ತೀಯಾ, ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸ್ಕೋಬೇಕು ಅಂದ.”

“ಕೊಟ್ರಾ?”

“ಕೊಟ್ಟೆ.”

ಊರಿನವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಬೂಟಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

“ನನಗೆ ಸುಳ್ಳು ಯಾಕೆ ಹೇಳಿದ್ರಿ?” ಎಂದಳು ಫ್ರೌಕೆ. “ಕೆಟ್ಟದಾದ್ರೂ ಹೇಳಿ ಅಂತ ಕೇಳ್ಕೊಂಡಿದ್ದೆ. ನನ್ನ ಮನಸ್ಸಿಗೆ ನೋವಾಗ್ದಿರಲಿ ಅಂತಾನಾ?”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಜನ ಚಪ್ಪಾಳೆಯನ್ನೂ ತಟ್ಟುತ್ತಿದ್ದರೋ ಏನೋ. ಮಾಸ್ಟರ್ ಕೋಲಿನ ಹಿಡಿಯನ್ನು ಎರಡೂ ಕೈಯಿಂದ ಅದುಮಿ ಹಿಡಿದರು.

“ಅಲ್ಲಮ್ಮ. ನಲವತ್ತೇಳರಲ್ಲಿ ಅವನ ಪರವಾಗಿ ಸುಳ್ಳು ಸಹಿ ಹಾಕಿದೋನು ನಾನು. ಅದಕ್ಕೆ ಪ್ರತಿಯಾಗಿ ಜೀವಮಾನವೆಲ್ಲ ಕೆಲಸ ಕೊಟ್ಟ. ನನ್ನ ಚರ್ಮ ಉಳಿಸ್ಕೊಳ್ಳೋಕೆ ನಿನಗೆ ಸುಳ್ಳು ಹೇಳಿದೆ.”

ಫ್ರೌಕೆ ಭಾಷಣದ ಹಾಳೆಗಳನ್ನು ಜೋಡಿಸಿ ಮಡಚಿ, ವೇದಿಕೆ ಇಳಿದು, ಸಾಲುಗಳ ನಡುವೆ ನಡೆದು ಹೊರಗೆ ಹೋದಳು. ಯಾರೂ ಬಿಳಿ ಬಟ್ಟೆ ಎಳೆಯಲಿಲ್ಲ. ಪೋಲ್‌ಮನ್ ಹತ್ತು ನಿಮಿಷ ಕೈ ಕೈ ಹಿಸುಕಿಕೊಂಡು, ಕೊನೆಗೆ, “ಸಾಸೇಜ್ ಆರಿ ಹೋಗ್ತಿದೆ” ಎಂದು ಘೋಷಿಸಿದ. ಮುನ್ನೂರೂ ಖರ್ಚಾದವು. ಸಮಿತಿ ಆಮೇಲೆ ಮೂರು ಸಲ ಸಭೆ ಸೇರಿ, ತಲೆ ಕೆರೆದುಕೊಂಡು, ಸಭಾಂಗಣಕ್ಕೆ ‘ವಿವಿಧೋದ್ದೇಶ ಸಭಾಂಗಣ’ ಎಂದು ಹೆಸರಿಟ್ಟಿತು. ಧೈರ್ಯ ಎಂದರೆ ನಮ್ಮೂರಿನವರದು.

ಮಾಸ್ಟರ ಮನೆಗೆ ಭಾನುವಾರ ಬರುವವರು ನಿಂತರು. ಬೇಕರಿಯಲ್ಲಿ ವಾಲ್ಟ್ರೌಟ್ ಅವರ ಕೈಗೆ ಬ್ರೆಡ್ಡು ಕೊಡದೆ ಕೌಂಟರಿನ ಮೇಲಿಟ್ಟು ತಳ್ಳತೊಡಗಿದಳು. ಪೋಲ್‌ಮನ್ ಅಂಗಡಿಯಲ್ಲಿ ಅವರ ರಕ್ತದೊತ್ತಡದ ಮಾತ್ರೆ ಎಂದೂ ಇರುತ್ತಿರಲಿಲ್ಲ. ಮಾತ್ರೆಗೆ ಬಸ್ಸು ಹತ್ತಿ ಪಕ್ಕದ ಪಟ್ಟಣಕ್ಕೆ ಹೋಗಬೇಕಾಯಿತು. ಊರಿನವರು ಈಗ ಅವರನ್ನು ಬೈಯುವಾಗ, “ಅವನು ಯುದ್ಧಕ್ಕೇ ಹೋಗದ ಕುಂಟ, ಅವನಿಗೇನು ಗೊತ್ತು” ಎನ್ನುತ್ತಿದ್ದರು. ಇಷ್ಟು ದಿನ ಅವನೇ ಎಲ್ಲ ಬಲ್ಲವನಾಗಿದ್ದ.

ಫ್ರೌಕೆ ಬಂದದ್ದು ಮೂರು ವಾರದ ಮೇಲೆ. ಮಾಸ್ಟರ್ ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. ಅವಳು ನೆಟ್ಟಗೆ ಒಳಗೆ ಬಂದು ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿ ಪೆನ್ನು ಮುಂದಿಟ್ಟಳು.

“ಹಿಂದೆ ಬರೀರಿ. ಏನೇನು ಗೊತ್ತೋ ಎಲ್ಲಾ. ಹೆಸರು, ಇಸವಿ, ಪಡೆ, ಆ ಮರಳು ಗುಂಡಿ, ನಲವತ್ತೇಳರ ಸಹಿ.”

ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಜಾಗ ಸಾಲದೆ ಅಕ್ಷರ ಸಣ್ಣದಾಗುತ್ತ ಹೋಯಿತು. ಅವಳು ಕಿಟಕಿಯ ಹತ್ತಿರ ನಿಂತು ಕಾದಳು. ಕೊನೆಯಲ್ಲಿ ಅವರು ಸಹಿ ಹಾಕಿ ಅದರ ಕೆಳಗೆ ‘ತಜ್ಞ’ ಎಂದು ಬರೆದರು. ಅವಳು ಬಗ್ಗಿ ನೋಡಿದಳು. ಮಾಸ್ಟರೇ ಅದನ್ನು ಹೊಡೆದುಹಾಕಿ ‘ಟೈಲರ್’ ಎಂದು ಬರೆದರು.

ಅವಳು ಶಾಯಿ ಒಣಗುವವರೆಗೆ ಫೋಟೋವನ್ನು ಗಾಳಿಗೆ ಹಿಡಿದು, ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹತ್ತಿರ ಹೋದಾಗ ಮುದುಕ ಕೇಳಿಯೇಬಿಟ್ಟರು.

“ನನ್ನನ್ನ ಕ್ಷಮಿಸ್ತೀಯೇನಮ್ಮ?”

“ಅದಕ್ಕೆ ನಾನು ಯಾರು ಮಾಸ್ಟ್ರೇ?” ಎಂದಳು ಫ್ರೌಕೆ. “ಆ ಹಕ್ಕು ಇದ್ದೋರನ್ನ ನಮ್ಮಜ್ಜ ಆ ಎರಡು ದಿನದಲ್ಲೇ ಮುಗಿಸಿಬಿಟ್ಟಿದ್ದಾನೆ.”